ತಂಪು ಮನೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಬೇಕು

ಮಾನ್ಯ ಸಂಪಾದಕರೇ,

ಮನೆಯ ವಿದ್ಯುತ್ ಬಳಕೆ ತಗ್ಗಿಸಲು ಹಣ ಹಾಕುವವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದೇ ಆದರೂ ತಟ್ಟುತ್ತಿರುವ ಬಾಗಿಲು ಸರಿಯಾದುದಲ್ಲ ಎಂದು ನನ್ನ ಅನಿಸಿಕೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ವಾರ್ಷಿಕ ಆದಾಯಕ್ಕೆ ಈಗ ತೆರಿಗೆಯೇ ಇಲ್ಲದಿರುವಾಗ, ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಬೇಸಿಗೆಯ ಬೇಗೆ ಅನುಭವಿಸುವ ಬಹುಪಾಲು ಕುಟುಂಬಗಳಿಗೆ ಆ ರಿಯಾಯಿತಿಯಿಂದ ದಕ್ಕುವುದೇನು? ಅಮೆರಿಕದಲ್ಲಿ ಮನೆಗೆ ಶಾಖನಿರೋಧಕ ಹೊದಿಕೆ, ಉತ್ತಮ ಕಿಟಕಿ ಇತ್ಯಾದಿ ಹಾಕಿಸಿದವರಿಗೆ ಖರ್ಚಿನ ಶೇ 30ರಷ್ಟನ್ನು, ವರ್ಷಕ್ಕೆ 1,200 ಡಾಲರ್ ಮಿತಿಯಲ್ಲಿ, ತೆರಿಗೆಯಿಂದಲೇ ಕಳೆಯುವ ವ್ಯವಸ್ಥೆಯಿತ್ತು. ಕಟ್ಟಬೇಕಾದ ತೆರಿಗೆ ಇಲ್ಲದವರಿಗೆ ಅಲ್ಲಿಯೂ ಅದರ ಫಲ ಸಿಗುತ್ತಿರಲಿಲ್ಲ. 2032ರವರೆಗೆ ಇರಬೇಕಿದ್ದ ಆ ಸೌಲಭ್ಯವನ್ನು 2025ರ ಜುಲೈನಲ್ಲಿ ಬಂದ ಕಾನೂನು ಅದೇ ಡಿಸೆಂಬರ್ 31ಕ್ಕೆ ಮುಗಿಸಿತು.

ನಮ್ಮಲ್ಲಿ ಆಸ್ತಿ ತೆರಿಗೆಯನ್ನಾದರೆ ಪಟ್ಟಣದಲ್ಲಿ ಸ್ವಂತ ಮನೆಯಿರುವ ಚಿಕ್ಕ ಅಂಗಡಿಯವರೂ ಕಟ್ಟುತ್ತಾರೆ, ನಿವೃತ್ತ ಶಿಕ್ಷಕರೂ ಕಟ್ಟುತ್ತಾರೆ. ಏಪ್ರಿಲ್ ಒಳಗೆ ಕಟ್ಟಿದವರಿಗೆ ಶೇ 5ರ ರಿಯಾಯಿತಿ ಹೇಗೂ ಇದೆ. ಸೌರ ವಾಟರ್ ಹೀಟರ್, ಮಳೆನೀರು ಸಂಗ್ರಹದಂಥವನ್ನು ಅಳವಡಿಸಿಕೊಂಡವರಿಗೆ ಪುಣೆ ಮಹಾನಗರ ಪಾಲಿಕೆ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 10ರವರೆಗೆ ಬಿಡುತ್ತ ಬಂದಿದೆ. ಅದೇ ಬಗೆಯಲ್ಲಿ, ಆರ್‌ಸಿಸಿ ಛಾವಣಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಸಿದವರಿಗೂ, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದವರಿಗೂ ರಿಯಾಯಿತಿ ದೊರೆಯಬೇಕು. ಮಣ್ಣಿನ ಮಾಳಿಗೆ ಹೋಗಿ ಕಾಂಕ್ರೀಟ್ ಬಂದ ಮೇಲೆ ಹಗಲೆಲ್ಲ ಕಾದ ಛಾವಣಿ ರಾತ್ರಿಯೂ ಒಳಗೆ ಶಾಖ ಬಿಡುತ್ತದೆ ಎಂಬುದನ್ನು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. ನೆರೆಯ ತೆಲಂಗಾಣ 2023ರಲ್ಲಿಯೇ ಇದಕ್ಕೆಂದು ತಂಪು ಛಾವಣಿ ನೀತಿ ರೂಪಿಸಿದೆ.

ಪಾಲಿಕೆ ಏಕೆ ತನ್ನ ವರಮಾನ ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಗೃಹಜ್ಯೋತಿಯಲ್ಲಿದೆ. 75 ವ್ಯಾಟ್‌ನ ಹಳೆಯ ಫ್ಯಾನ್ ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 15 ಗಂಟೆ ತಿರುಗುವ ಲೆಕ್ಕದಲ್ಲಿ, ತಿಂಗಳಿಗೆ ಸುಮಾರು 20 ಯೂನಿಟ್ ಉಳಿಯುತ್ತದೆ. ಶೂನ್ಯ ಬಿಲ್ ಬರುವ ಮನೆಯಲ್ಲಿ ಆ ಉಳಿತಾಯ ಫ್ಯಾನ್ ಕೊಂಡವರಿಗೆ ಸೇರದೆ, ಬಿಲ್ ಭರಿಸುವ ರಾಜ್ಯ ಸರ್ಕಾರಕ್ಕೆ ಸೇರುತ್ತದೆ. ಆದ್ದರಿಂದ ಸರ್ಕಾರ ತನಗೆ ಉಳಿದ ಹಣದಲ್ಲಿ ಒಂದು ಪಾಲನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ತುಂಬಿಕೊಟ್ಟರೆ ಅದು ಔದಾರ್ಯವೇನಲ್ಲ. ಅಲ್ಲದೆ, ಗೃಹಜ್ಯೋತಿಯ ಉಚಿತ ಯೂನಿಟ್‌ಗಳನ್ನು 2022–23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ನಿಗದಿ ಮಾಡಿದ್ದರಿಂದ, ಅದಕ್ಕೂ ಮುಂಚೆಯೇ ಮಿತವಾಗಿ ಬಳಸುತ್ತಿದ್ದವರ ಪಾಲಿಗೆ ಕಡಿಮೆ ಯೂನಿಟ್‌ಗಳೇ ಬಂದವು. 2024ರ ಜನವರಿಯಲ್ಲಿ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಟ್ಟು ಇದನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಲಾಯಿತು, ಅಷ್ಟೇ.

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನವಿದೆ, ನಿಜ. ಆದರೆ ಅದು ವಿದ್ಯುತ್ ಉತ್ಪಾದಿಸುವವರಿಗೆ, ಬಳಕೆಯನ್ನೇ ತಗ್ಗಿಸುವವರಿಗಲ್ಲ. ಬಾಡಿಗೆದಾರರ ಸಮಸ್ಯೆಯೂ ಇದೆ: ಸೆಖೆಯೂ ಬಿಲ್ಲೂ ಅವರದು, ಛಾವಣಿ ಮಾಲೀಕರದು. ಬಿಲ್ಲಿನಲ್ಲಿ ಕೊಡುವ ರಿಯಾಯಿತಿಗೆ ಮಾಲೀಕರು ಮೈಮುರಿದು ಬಣ್ಣ ಬಳಿಸಲಾರರು; ತಾವೇ ಕಟ್ಟುವ ಆಸ್ತಿ ತೆರಿಗೆ ಇಳಿದರೆ ಬಳಿಸಿಯಾರು.

ಪೌರಾಡಳಿತ ಇಲಾಖೆಯು ಸ್ವಯಂ ಘೋಷಣೆಯ ಆಸ್ತಿ ತೆರಿಗೆ ನಮೂನೆಯಲ್ಲಿ ಇದಕ್ಕೊಂದು ಕಾಲಂ ಸೇರಿಸಿ, ಖರೀದಿಯ ರಸೀದಿ ಮತ್ತು ಛಾವಣಿಯ ಛಾಯಾಚಿತ್ರವನ್ನು ಪುರಾವೆಯಾಗಿ ಒಪ್ಪಿ, ಬಣ್ಣ ಮಾಸುವ ವಸ್ತುವಾದ್ದರಿಂದ ರಿಯಾಯಿತಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸುವ ನಿಯಮ ಮಾಡಬೇಕು. ಮೊದಲಿಗೆ ಕಲ್ಯಾಣ ಕರ್ನಾಟಕದ ನಗರಗಳಲ್ಲಿ, ಬರುವ ಏಪ್ರಿಲ್‌ನಿಂದಲೇ ಇದನ್ನು ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ, ಕಲಬುರಗಿ