ಹಾವಿನ ಬಣ್ಣ ಚಂದಕ್ಕಷ್ಟೇ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಮಕ್ಕಳಿರುವ ಮನೆಗೆ ಎಂಥ ಸಾಕುಹಾವು ಒಳ್ಳೆಯದು ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟದ ಬರಹ ಬಂದಿತ್ತು. ನಮ್ಮ ಮನೆಯಲ್ಲಿ ಅದನ್ನು ಮೊದಲು ಓದಿದ್ದು 9 ವರ್ಷದ ಮಗಳು. ಓದಿ, ಕತ್ತರಿಸಿ, ಫ್ರಿಜ್ ಬಾಗಿಲಿಗೆ ಅಂಟಿಸಿಬಿಟ್ಟಿದ್ದಾಳೆ. ಹಾಲು ತೆಗೆಯಲು ಹೋದಾಗಲೆಲ್ಲ ನಿಮ್ಮ ಹಾವುಗಳು ನನ್ನನ್ನೇ ನೋಡುತ್ತವೆ. ಅದಕ್ಕೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ನಾನು ಹಾವು ಕಂಡರೆ ಕಿರುಚುವವಳಲ್ಲ. ನನ್ನ ತವರು ಕುಂದಾಪುರದ ಹತ್ತಿರ. ಮನೆಯ ಹಿಂದೆಯೇ ನಾಗಬನ. ಕೇರೆ ಹಾವು ಅಂಗಳ ದಾಟಿದರೆ ಅಜ್ಜಿ ಅಕ್ಕಿ ಆರಿಸುವುದನ್ನೂ ನಿಲ್ಲಿಸುತ್ತಿರಲಿಲ್ಲ. ಪುಣೆಗೆ ಬಂದು 14 ವರ್ಷವಾಯಿತು. ಇಲ್ಲಿ ಮಗಳ ಗೆಳತಿಯ ಮನೆಯಲ್ಲಿ ಎರಡು ಹಾವು ಸಾಕಿದ್ದಾರೆ, ನಾವು ಹೋಗಿ ಬಂದು ಮಾಡುತ್ತೇವೆ.

ನಿಮ್ಮ ಬರಹದಲ್ಲಿ ಜಾಸ್ತಿ ಮಾರ್ಕು ಸಿಕ್ಕಿದ್ದು ಕಾರ್ನ್ ಸ್ನೇಕಿಗೆ. ಅದಕ್ಕೆ ನನ್ನದೂ ಒಪ್ಪಿಗೆ. ಅಮೆರಿಕದ ಆಗ್ನೇಯ ಭಾಗದ ಹಾವು. ವಿಷ ಇಲ್ಲ. ಮೂರರಿಂದ ಐದು ಅಡಿ ಬೆಳೆಯುತ್ತದೆ. ಆ ಮನೆಯಲ್ಲಿ ನಾನೂ ಕೈಗೆ ತೆಗೆದುಕೊಂಡೆ. ಅಂಟಂಟಾಗಿರಬಹುದು ಅಂದುಕೊಂಡಿದ್ದೆ. ಇಲ್ಲ, ಅಡಿಕೆ ಹಾಳೆಯ ಒಳಮೈ ಮುಟ್ಟಿದ ಹಾಗೆ ಒಣ ಒಣ, ನುಣುಪು, ತಣ್ಣಗೆ. ಬೆರಳ ಸಂದಿಯಲ್ಲಿ ಒಂದೇ ಸಮನೆ ನುಸುಳುತ್ತಿತ್ತು, ಯಾವ ಅವಸರವೂ ಇಲ್ಲ. ಹೊಟ್ಟೆಯ ಮೇಲೆ ಕಪ್ಪು ಬಿಳಿ ಚೌಕ ಚೌಕ, ಬಣ್ಣದ ಜೋಳದ ತೆನೆಯ ಹಾಗೆ. ಆ ಹೆಸರು ಬಂದಿದ್ದೇ ಅದರಿಂದ ಅನ್ನುವವರಿದ್ದಾರೆ.

ನನ್ನ ತಕರಾರು ಇರುವುದು ಬರಹದಲ್ಲಿ ಬಿಟ್ಟುಹೋದ ಮಾತಿನ ಬಗ್ಗೆ.

ಆ ಮನೆಯ ಇನ್ನೊಂದು ಹಾವು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ಕಪ್ಪು ಮೈ, ಅಡ್ಡಡ್ಡ ಬಿಳಿ ಪಟ್ಟೆ. (ಇದು ಬೇರೆ ಹಾವುಗಳನ್ನೂ ನುಂಗುವ ಜಾತಿ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಪೆಟ್ಟಿಗೆ.) ಮಕ್ಕಳು ಇಟ್ಟ ಹೆಸರು ಝೀಬ್ರಾ. ನಾಲ್ಕು ವರ್ಷದ ನನ್ನ ಮಗನೂ ಅಕ್ಕನ ಜೊತೆ ಹೋಗಿ ಝೀಬ್ರಾನ ಬೆನ್ನು ಸವರಿ ಬಂದಿದ್ದ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಬಿಲ್ಡಿಂಗಿನ ಕೆಳಗೆ, ಮೀಟರ್ ಬಾಕ್ಸ್ ಹತ್ತಿರ ನಿಂತು ಕೊಡೆ ಬಿಚ್ಚುತ್ತಿದ್ದೆ. 'ಅಮ್ಮಾ, ಝೀಬ್ರಾ ಬಂದಿದೆ!' ಅಂದ. ತಿರುಗಿದರೆ ಗೋಡೆ ಮೂಲೆಯಲ್ಲಿ ಮೊಳದುದ್ದದ ಹಾವು, ಮೈಮೇಲೆ ಬಿಳಿ ಪಟ್ಟೆ. ಇವನು ಕುಕ್ಕರಗಾಲಲ್ಲಿ ಕೂತು ಕೈ ಚಾಚಿಯಾಗಿದೆ. ಮುಖದ ತುಂಬ ನಗು. ಕಾಲರ್ ಹಿಡಿದು ಎಳೆದೆ. ಗುಂಡಿ ಕಿತ್ತು ನನ್ನ ಕೈಗೆ ಬಂತು.

ಇಲ್ಲಿ ಹಾವು ಹಿಡಿದು ದೂರ ಬಿಟ್ಟು ಬರುವವರನ್ನು ಸರ್ಪಮಿತ್ರ ಅನ್ನುತ್ತಾರೆ. ವಾಚ್‌ಮನ್ ಫೋನ್ ಮಾಡಿದ, ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗನೊಬ್ಬ ಬಂದ. ಟಾರ್ಚ್ ಬಿಟ್ಟು ನೋಡಿ 'ಕವಡ್ಯಾ' ಅಂದ. ಅಂದರೆ ತೋಳ ಹಾವು. ವಿಷ ಇಲ್ಲ, ಹಲ್ಲಿ ಹುಡುಕಿಕೊಂಡು ಮನೆಯೊಳಗೂ ಬರುತ್ತದೆ. 'ಮಣ್ಯಾರ್ ಆಗಿದ್ದರೆ?' ಅಂತ ಕೇಳಿದೆ. ಮಣ್ಯಾರ್ ಅಂದರೆ ನಮ್ಮ ಕಡುವಿಷದ ಕಟ್ಟು ಹಾವು. ಅವನು ಫೋನಿನಲ್ಲಿ ಎರಡರ ಫೋಟೊ ಪಕ್ಕ ಪಕ್ಕ ಇಟ್ಟು ತೋರಿಸಿದ. ತೋಳ ಹಾವಿಗೆ ಪಟ್ಟೆ ಕುತ್ತಿಗೆಯ ಕಡೆ ಎದ್ದು ಕಾಣುತ್ತದೆ, ಬಾಲದ ಕಡೆ ಹೋಗುತ್ತಾ ಮಾಸುತ್ತದೆ. ಕಟ್ಟು ಹಾವಿಗೆ ತಲೆಯ ಕಡೆ ಮಸುಕು, ಬಾಲದ ಕಡೆ ಸ್ಪಷ್ಟ, ಹೆಚ್ಚಾಗಿ ಜೋಡಿ ಜೋಡಿ. ನಾಲ್ಕು ವರ್ಷದ ಹುಡುಗ ಇದನ್ನೆಲ್ಲ ಲೆಕ್ಕ ಹಾಕಿ ಕೈ ಚಾಚುತ್ತಾನಾ? ಕೊಡೆ ಹಿಡಿದುಕೊಂಡಿದ್ದ ನನಗೇ ಗೊತ್ತಾಗಲಿಲ್ಲ. ಕಟ್ಟು ಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಮಗು ಬಂದು ಹೇಳುವುದಾದರೂ ಏನನ್ನು?

ಸಾಧು ಹಾವು ಮಕ್ಕಳ ಹೆದರಿಕೆ ಬಿಡಿಸುತ್ತದೆ ಅಂತ ನಿಮ್ಮ ಬರಹದಲ್ಲಿ ಹೊಗಳಿದ್ದಾರೆ. ಬಿಡಿಸುತ್ತದೆ, ನಾನೇ ಸಾಕ್ಷಿ. ನನಗೆ ದಿಗಿಲು ಹುಟ್ಟಿಸಿದ್ದೇ ಅದು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು, ಸರಾಸರಿ ವರ್ಷಕ್ಕೆ 58 ಸಾವಿರ. ಅಮೆರಿಕದವರ ಸಲಹೆಯನ್ನು ಹಾಗೇ ಇಲ್ಲಿಗೆ ಇಳಿಸಿದರೆ ಈ ಲೆಕ್ಕ ಯಾರು ಹೇಳಬೇಕು?

ಹಾಗಾಗಿ ಬಣ್ಣ ನೋಡಿಯೇ ಹಾವು ಆರಿಸಿ ಅಂತ ನಾನೂ ಹೇಳುತ್ತೇನೆ, ಆದರೆ ಚಂದಕ್ಕಲ್ಲ. ನಮ್ಮ ಕಾಂಪೌಂಡಿನಲ್ಲಿ, ಮೋರಿಯಲ್ಲಿ, ಊರಿನ ಗದ್ದೆಯಲ್ಲಿ ಎಲ್ಲೂ ಕಾಣಸಿಗದ ಬಣ್ಣ ಬೇಕು. ಕಾರ್ನ್ ಸ್ನೇಕಿನಲ್ಲಿ ಕಪ್ಪೇ ಇಲ್ಲದ ತಳಿಯಿದೆ, ಕಿತ್ತಳೆ ಮೈ, ಕೆಂಪು ಕಣ್ಣು. 'ಸ್ನೋ' ಅನ್ನುವ ಇನ್ನೊಂದು ಬಿಳಿ, ಎಳೆ ಗುಲಾಬಿ. 'ಪೆಟ್ಟಿಗೆಯಲ್ಲಿರುವ ಕಿತ್ತಳೆಯದ್ದು ಮಾತ್ರ ನಮ್ಮದು. ಬೇರೆ ಯಾವುದೇ ಹಾವು ಕಂಡರೂ ಹಿಂದೆ ಸರಿದು ದೊಡ್ಡವರನ್ನು ಕೂಗು' ಅಂದರೆ ನಾಲ್ಕರ ಮಗುವಿಗೂ ಅರ್ಥವಾಗುತ್ತದೆ. ಕಪ್ಪು ಬಿಳಿ ಪಟ್ಟೆಯದ್ದು ಎಷ್ಟು ಸಾಧುವಾದರೂ ಬೇಡ. ಆಫ್ರಿಕಾದ ಸಣ್ಣ ಹೆಬ್ಬಾವು ಬಾಲ್ ಪೈಥಾನ್ ಇದೆಯಲ್ಲ, ಮಾಮೂಲಿ ಬಣ್ಣದ್ದಾದರೆ ಅದೂ ಬೇಡ. ಆ ಕಂದು ಮಚ್ಚೆಗೆ ಒಗ್ಗಿದ ಕಣ್ಣು ಕೊಳಕುಮಂಡಲ ಕಂಡಾಗ ಮೋಸ ಹೋಗಬಹುದು. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಅಂತ ಎತ್ತಿಕೊಂಡು ಕಚ್ಚಿಸಿಕೊಂಡ ದೊಡ್ಡವರೇ ಇದ್ದಾರಲ್ಲ.

ಬರೀ ಚಂದಕ್ಕೆ ಮರುಳಾದರೆ ಇನ್ನೊಂದು ಪಜೀತಿ. ನೀವು ದೊಡ್ಡದಾಗಿ ಹಾಕಿದ ಗಿಳಿಹಸಿರು ಫೋಟೊ ಗ್ರೀನ್ ಟ್ರೀ ಪೈಥಾನ್‌ನದ್ದು. ಅದು ಮಕ್ಕಳ ಕೈಗೆ ಕೊಡುವ ಹಾವಲ್ಲ, ಕೊಂಬೆಗೆ ಸುತ್ತಿಕೊಂಡು ಕೂತಿದ್ದನ್ನು ಗಾಜಿನ ಈಚೆಯಿಂದ ನೋಡಬೇಕು. ಕೆಂಪು ಪಟ್ಟೆಯ ಮಿಲ್ಕ್ ಸ್ನೇಕ್ ಅನ್ನುವ ಹಾವಿನ ಮರಿಗೆ ಗಾಬರಿ ಜಾಸ್ತಿ, ಹಿಡಿದರೆ ಕೈಗೆಲ್ಲ ನಾತ. ಬಾಲ್ ಪೈಥಾನ್‌ನಲ್ಲಿ 'ಸ್ಪೈಡರ್' ಅನ್ನುವ ತಳಿಯಿದೆ. ಮೈಮೇಲೆ ಜೇಡರ ಬಲೆಯಂಥ ಚಿತ್ತಾರ. ಆ ಚಿತ್ತಾರದ ಜೊತೆಗೇ ತಲೆ ಓಲಾಡುವ ತೊಂದರೆಯೂ ಅಂಟಿಕೊಂಡು ಬರುತ್ತದೆ. ಮಗಳಿಗೆ ಇದನ್ನು ಹೇಳಿದೆ. 'ಮತ್ತೆ ಯಾಕೆ ಮರಿ ಮಾಡಿಸ್ತಾರೆ?' ಅಂದಳು.

ಕಾನೂನಿನ ಸುದ್ದಿಯೂ ನಿಮ್ಮ ಬರಹದಲ್ಲಿಲ್ಲ. ಇಲ್ಲಿಯ ಸಾಕುಪ್ರಾಣಿ ಅಂಗಡಿಯೊಂದರಲ್ಲಿ ಸುಮ್ನೆ ವಿಚಾರಿಸಿದೆ. ಹಾವು ಇರಲಿಲ್ಲ, ಫೋನಿನಲ್ಲಿ ಬಾಲ್ ಪೈಥಾನ್ ಫೋಟೊ ಇತ್ತು. ಕಾಗದಪತ್ರ ಕೇಳಿದೆ. 'ವಹಿನಿ (ಅತ್ತಿಗೆ), ಅದೆಲ್ಲ ಯಾರೂ ಕೇಳೋದಿಲ್ಲ' ಅಂದ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಬಾಲ್ ಪೈಥಾನ್ ಥರದ ವಿದೇಶಿ ಪ್ರಾಣಿಗಳು ಅದರ ನಾಲ್ಕನೇ ಪಟ್ಟಿಗೆ ಸೇರಿವೆ. 2024ರ ಫೆಬ್ರವರಿಯ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಹಾವು ಸತ್ತರೂ ತಿಳಿಸಬೇಕು. ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ, ಹಾಗಂತ ಬಿಲ್ಲಿಲ್ಲದೆ ತರುವುದು ಬೇಡ. 2023ರ ಡಿಸೆಂಬರಿನಲ್ಲಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಒಬ್ಬನ ಬಳಿ 9 ಬಾಲ್ ಪೈಥಾನ್, 2 ಕಾರ್ನ್ ಸ್ನೇಕ್ ಸಿಕ್ಕಿದ್ದವು, ಬಿಸ್ಕತ್ತು, ಕೇಕಿನ ಪೊಟ್ಟಣದೊಳಗೆ. ಇನ್ನು ನಮ್ಮ ಕೇರೆ, ಮಣ್ಣುಮುಕ್ಕ, ಹೆಬ್ಬಾವು ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಊಟದ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, 'ವಾರಕ್ಕೊಮ್ಮೆ ಆಹಾರ ಕೊಟ್ಟರೆ ಸಾಕು'. ಯಾವ ಆಹಾರ ಅಂತ ಬರೆಯಲು ನಾಚಿಕೆಯಾಯಿತಾ? ಇಲಿ ಸ್ವಾಮಿ, ಇಡೀ ಇಲಿ. ಫ್ರೀಜರಿನಲ್ಲಿಟ್ಟು, ಬೇಕಾದಾಗ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಚಿಮಟದಲ್ಲಿ ಹಿಡಿದು ಕೊಡಬೇಕು. ಆಮೇಲೆ ಎರಡು ದಿನ ಹಾವನ್ನು ಎತ್ತಬಾರದು, ಎತ್ತಿದರೆ ಕಕ್ಕಿಬಿಡಬಹುದು. ನಮ್ಮದು ಮೊಟ್ಟೆಯೂ ಬಾರದ ಅಡುಗೆಮನೆ. ಫ್ರೀಜರಿನಲ್ಲಿ ಅತ್ತೆಯವರ ತೆಂಗಿನ ತುರಿ, ಪತ್ರೊಡೆಗೆ ಅಂತ ಊರಿಂದ ತಂದ ಕೆಸುವಿನೆಲೆ. ವಿಷಯ ತಿಳಿದ ಅತ್ತೆ ಸಿಟ್ಟು ಮಾಡಲಿಲ್ಲ. ಅವರು ಕೇಳಿದ್ದು ಬೇರೆ. 'ಅದು ಸತ್ತರೆ ಸರ್ಪಸಂಸ್ಕಾರ ಮಾಡಿಸಬೇಕಾಗ್ತದಾ? ಅಮೆರಿಕದ ಹಾವಿಗೂ ಉಂಟಾ ಅದು?' ಕಾರ್ನ್ ಸ್ನೇಕ್ 15–20 ವರ್ಷ ಬದುಕುತ್ತದೆ, ಅಲ್ಲಿಯವರೆಗೆ ಯೋಚಿಸೋಣ ಅಂದೆ. ಇಪ್ಪತ್ತು ವರ್ಷ ಅಂದರೆ ಮಗಳು ಮದುವೆಯಾಗಿ ಹೋದ ಮೇಲೂ ಇಲಿ ಬೆಚ್ಚಗೆ ಮಾಡುವವಳು ನಾನೇ ಅಲ್ವಾ?

ಸದ್ಯಕ್ಕೆ ನಾವು ತರುತ್ತಿಲ್ಲ. ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಐದು ತುಂಬದ ಮಕ್ಕಳು ಮುಟ್ಟಬಾರದು ಅನ್ನುತ್ತಾರೆ ಡಾಕ್ಟರು. ಮಗನಿಗೆ ಐದಾಗಲಿ. ಅಲ್ಲಿಯವರೆಗೆ ಕಾತ್ರಜ್‌ನ ಸರ್ಪೋದ್ಯಾನವಿದೆ. ಹೋದ ತಿಂಗಳು ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಮಗ ಗಾಜಿಗೆ ಮೂಗು ಒತ್ತಿ ನಿಂತು 'ಇದು ನಮ್ಮದಲ್ಲ' ಅಂತ ಒಂದೊಂದು ಹಾವಿಗೂ ಹೇಳಿಕೊಂಡು ಬಂದ.

ನಿಮ್ಮಲ್ಲಿ ಒಂದು ಕೋರಿಕೆ. ತೋಳ ಹಾವು, ಕಟ್ಟು ಹಾವು ಎರಡರ ಫೋಟೊವನ್ನೂ ಪಕ್ಕ ಪಕ್ಕದಲ್ಲಿ ಒಮ್ಮೆ ಅಚ್ಚು ಹಾಕಿ, ಆ ಗಿಳಿಹಸಿರು ಹಾವಿನಷ್ಟೇ ದೊಡ್ಡದಾಗಿ. ನಮ್ಮ ಫ್ರಿಜ್ ಬಾಗಿಲಲ್ಲಿ ಜಾಗ ಇದೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಸಿಂಹಗಡ ರಸ್ತೆ, ಪುಣೆ