ರಿಪೋರ್ಟ್ ನಾರ್ಮಲ್ ಬಂದರೂ ಮಾತ್ರೆ ಬಿಡಬೇಡ

ಮುಲುಂಡ್, ಮುಂಬಯಿ

ಪ್ರೀತಿಯ ಪುಟ್ಟು,

ಮಾವನ ಆಶೀರ್ವಾದಗಳು. ನೀನು ಕಳಿಸಿದ ಎಂಆರ್‌ಐ ರಿಪೋರ್ಟ್ ನೋಡಿದೆ. ಅದರ ಕೆಳಗೆ ಬರೆದದ್ದನ್ನೂ ಓದಿದೆ. ‘ಮಿದುಳಿನಲ್ಲಿ ಏನೂ ಇಲ್ಲ ಅಂತ ಬಂದಿದೆ, ಇನ್ನು ಲಿಥಿಯಂ ಯಾಕೆ ಮಾವ?’ ಅಂತ ಕೇಳಿದ್ದೀಯ. ಇದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ನೀನು ಅರ್ಧ ಕೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಡಾಕ್ಟರ್ ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡ. ಇವತ್ತು ರಾತ್ರಿಯದನ್ನೂ ಬಿಡಬೇಡ. ನಿನ್ನದು ಬೈಪೋಲಾರ್, ಮನಸ್ಸು ಒಮ್ಮೆ ಮಿತಿಮೀರಿ ಏರುವ, ಇನ್ನೊಮ್ಮೆ ತೀರಾ ಕುಸಿಯುವ ಕಾಯಿಲೆ. ಲಿಥಿಯಂ ಒಮ್ಮೆಲೇ ನಿಲ್ಲಿಸಿದರೆ ಅದು ತಿರುಗಿ ಬರುವ ಅಪಾಯ ಜಾಸ್ತಿ, ಅದರಲ್ಲೂ ಮೇನಿಯಾ, ಅಂದರೆ ಆ ಏರುವ ಸ್ಥಿತಿ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದದ್ದನ್ನು ನಿಧಾನವಾಗಿ ಓದು.

ನಾನು ಡಾಕ್ಟರ್ ಅಲ್ಲ, ನಿನಗೆ ಗೊತ್ತು. ಆದರೆ ಈ ಊರಿನ ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರದ ಮುಂದೆ ಕೂತೇ ರಿಟೈರ್ ಆದವನು. ಒಳಗೆ ಮಲಗಿದವರ ಕಿವಿಗೆ ಹತ್ತಿ ಕೊಟ್ಟು, ‘ಅಲ್ಲಾಡಬೇಡಿ’ ಅಂತ ಹಿಂದಿ, ಮರಾಠಿ, ತುಳು, ಕನ್ನಡದಲ್ಲಿ ಹೇಳಿದವನು. ಯಂತ್ರ ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ ಅನ್ನುವುದು ಸ್ವಲ್ಪ ಗೊತ್ತು.

ನಿನ್ನ ಡಾಕ್ಟರ್ ಎಂಆರ್‌ಐ ಬರೆದುಕೊಟ್ಟದ್ದು ಬೈಪೋಲಾರ್ ಇದೆಯೋ ಇಲ್ಲವೋ ಅಂತ ತಿಳಿಯಲು ಅಲ್ಲ. ಗೆಡ್ಡೆ, ರಕ್ತಸ್ರಾವ, ಪಾರ್ಶ್ವವಾಯು, ಮಿದುಳಿನ ಸೋಂಕು, ಇವುಗಳಿಂದಲೂ ಕೆಲವೊಮ್ಮೆ ಮನುಷ್ಯನ ನಡತೆ ಹೀಗೆಯೇ ಬದಲಾಗುತ್ತದೆ. ಅಂಥದ್ದೇನಾದರೂ ಇದೆಯಾ ಅಂತ ನೋಡುವುದಕ್ಕೆ. ಅದು ಇಲ್ಲ ಅಂತ ಬಂತು. ನನಗೂ ಸಮಾಧಾನವಾಯಿತು. ಆದರೆ ಆ ರಿಪೋರ್ಟ್ ಹೇಳುವುದು ಅಷ್ಟೇ. ಬೈಪೋಲಾರ್ ಅಂತ ಗೊತ್ತಾಗಿದ್ದು ನಿನ್ನ ಕಥೆಯಿಂದ. ರಾತ್ರಿಗಟ್ಟಲೆ ನಿದ್ದೆಯಿಲ್ಲದೆ ಠಾಣೆ ನಗರದಲ್ಲಿ ಹೋಟೆಲ್ ತೆಗೆಯುತ್ತೇನೆ ಅಂತ ಸಾಲಕ್ಕೆ ಓಡಾಡಿದೆ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರು ಅದನ್ನು ನಿನ್ನ ಬಾಯಿಂದ ಕೇಳಿದರು, ಅಕ್ಕನ ಬಾಯಿಂದಲೂ ಕೇಳಿದರು. ಇವತ್ತಿಗೂ ಈ ಕಾಯಿಲೆಯನ್ನು ಹಿಡಿಯುವ ದಾರಿ ಅದೇ.

ಹಾಗಾದರೆ ‘ಬೈಪೋಲಾರ್‌ನಲ್ಲಿ ಮಿದುಳು ಬದಲಾಗುತ್ತದೆ’ ಅಂತ ಪೇಪರಿನಲ್ಲಿ ಬರುತ್ತದಲ್ಲಾ, ಅದು ಸುಳ್ಳಾ? ಸುಳ್ಳಲ್ಲ. ಎನಿಗ್ಮಾ ಅಂತ ಒಂದು ದೊಡ್ಡ ಕೂಟ ಇದೆ. ಬೇರೆ ಬೇರೆ ದೇಶಗಳ ಸಂಶೋಧಕರು ತಮ್ಮ ತಮ್ಮ ಸ್ಕ್ಯಾನ್‌ಗಳನ್ನು ಒಟ್ಟಿಗೆ ಸೇರಿಸಿ ಅಳೆಯುತ್ತಾರೆ. 2018ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 6,503 ಜನರ ಎಂಆರ್‌ಐ ಇತ್ತು. ಬೈಪೋಲಾರ್ ಇದ್ದವರು 2,447, ಇಲ್ಲದವರು 4,056. ಮಿದುಳಿನ ಹೊರಪದರ ಸರಾಸರಿ 2.5 ಮಿಲಿಮೀಟರ್ ದಪ್ಪ. ಕಾಯಿಲೆ ಇದ್ದವರಲ್ಲಿ ಹಣೆಯ ಹಿಂದೆ, ಕಿವಿಯ ಪಕ್ಕದಲ್ಲಿ, ನೆತ್ತಿಯ ಕಡೆಗೆ ಆ ಪದರ ಒಂದಿಷ್ಟು ತೆಳುವಾಗಿತ್ತು. ಕಾಯಿಲೆ ಹೆಚ್ಚು ವರ್ಷದ್ದಾಗಿದ್ದರೆ ಕೆಲವು ಭಾಗಗಳಲ್ಲಿ ಇನ್ನೂ ತೆಳು. ಅದಕ್ಕೂ ಮೊದಲು, 2016ರಲ್ಲಿ, ಇದೇ ಕೂಟ ಮಿದುಳಿನ ಒಳಭಾಗವನ್ನು ಅಳೆದಿತ್ತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಸಂದೇಶಗಳನ್ನು ಹೊರಪದರಕ್ಕೆ ದಾಟಿಸುವ ಥಲಾಮಸ್, ಎರಡೂ ಸರಾಸರಿಯಲ್ಲಿ ಸ್ವಲ್ಪ ಚಿಕ್ಕದಾಗಿದ್ದವು.

‘ಸರಾಸರಿ’ ಅನ್ನುವುದನ್ನು ಬಿಟ್ಟು ಓದಬೇಡ. ಎರಡು ಊರಿನ ಮಕ್ಕಳ ಎತ್ತರ ಅಳೆದರೆ ಒಂದು ಊರಿನವರು ಸರಾಸರಿ ಅರ್ಧ ಇಂಚು ಎತ್ತರ ಇರಬಹುದು. ಹಾಗಂತ ದಾರಿಯಲ್ಲಿ ಸಿಕ್ಕ ಹುಡುಗನ ಎತ್ತರ ನೋಡಿ ಯಾವ ಊರಿನವನು ಅಂತ ಹೇಳಲು ಆಗುತ್ತದಾ? ಕಾಯಿಲೆ ಇದ್ದವರ ಅಳತೆ, ಇಲ್ಲದವರ ಅಳತೆ ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ನಿನ್ನೊಬ್ಬನ ಸ್ಕ್ಯಾನ್‌ನಲ್ಲಿ ಆ ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದೇ ಅಲ್ಲ.

ಕಂಪ್ಯೂಟರಿಗೆ ಕಲಿಸಿ ನೋಡಿದ್ದೂ ಆಗಿದೆ. 13 ಕಡೆಯ 3,020 ಜನರ ಸ್ಕ್ಯಾನ್ ಕೊಟ್ಟು, ಯಾರಿಗೆ ಬೈಪೋಲಾರ್ ಇದೆ ಹೇಳು ಅಂದರು. ಅದು ಸರಿ ಹೇಳಿದ್ದು ನೂರಕ್ಕೆ ಸುಮಾರು 65 ಸಲ. ಸುಮ್ನೆ ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ. ಸಂಶೋಧನೆಗೆ ಇದು ಒಳ್ಳೆಯ ಆರಂಭ. ಆದರೆ ಇದನ್ನು ನಂಬಿ ಒಬ್ಬ ಹುಡುಗನಿಗೆ ‘ನಿನಗೆ ಕಾಯಿಲೆ ಇದೆ’ ಅಂತಲೋ ‘ಇಲ್ಲ’ ಅಂತಲೋ ಹೇಳುವುದು ಅನ್ಯಾಯ. ಅದಕ್ಕೇ ನೀನು ಕಳಿಸಿದ ಆ ಬ್ರೇನ್ ಮ್ಯಾಪಿಂಗ್ ಪ್ಯಾಕೇಜಿನ ಜಾಹೀರಾತು ನೋಡಿ ನನಗೆ ಸಿಟ್ಟು ಬಂತು. ಬಣ್ಣಬಣ್ಣದ ಚಿತ್ರ ಕೊಟ್ಟು ಕಾಯಿಲೆಯ ಹೆಸರು ಹೇಳುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡ.

ಇನ್ನು ಲಿಥಿಯಂ ವಿಷಯ. ನನಗೆ ತುಂಬ ಆಸೆ ಹುಟ್ಟಿಸಿದ್ದು ಇದೇ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರ್ ಮೇನಿಯಾಕ್ಕೆ ಇದನ್ನು ಕೊಟ್ಟು ನೋಡಿದರು. ಅಷ್ಟು ಹಳೆಯ ಔಷಧಿ. 2000ದಲ್ಲಿ ಅಮೆರಿಕದ ಸಂಶೋಧಕರು 10 ಜನ ರೋಗಿಗಳಿಗೆ ನಾಲ್ಕು ವಾರ ಲಿಥಿಯಂ ಕೊಟ್ಟರು. ಮೊದಲೂ ಆಮೇಲೂ ಸ್ಕ್ಯಾನ್ ಮಾಡಿದಾಗ 8 ಜನರಲ್ಲಿ ಮಿದುಳಿನ ಬೂದು ಭಾಗ (ನರಕೋಶಗಳು ತುಂಬಿರುವ ಭಾಗ) ಸುಮಾರು ಶೇಕಡಾ 3ರಷ್ಟು ಹೆಚ್ಚಾಗಿ ಕಂಡಿತು. ಎನಿಗ್ಮಾದಲ್ಲೂ ಲಿಥಿಯಂ ತೆಗೆದುಕೊಳ್ಳುವವರ ಹೊರಪದರ ಅಷ್ಟಾಗಿ ತೆಳುವಾಗಿರಲಿಲ್ಲ. ಆದರೆ ಯಂತ್ರದವನಾಗಿ ಒಂದು ಮಾತು ಸೇರಿಸಲೇಬೇಕು. ಲಿಥಿಯಂ ಮಿದುಳಿನಿಂದ ಬರುವ ಸಿಗ್ನಲ್ ಅನ್ನೇ ಸ್ವಲ್ಪ ಬದಲಿಸಿ, ಬೂದು ಭಾಗ ಹೆಚ್ಚಾದಂತೆ ತೋರಿಸುತ್ತಿರಬಹುದು ಅನ್ನುವ ವಾದವೂ ಇದೆ. ಹಾಗಾಗಿ ‘ಲಿಥಿಯಂ ಮಿದುಳನ್ನು ಬೆಳೆಸುತ್ತದೆ’ ಅಂತ ಯಾರಾದರೂ ಖಡಾಖಂಡಿತ ಹೇಳಿದರೆ ಪೂರ್ತಿ ನಂಬಬೇಡ. ಆದರೆ ಮಾತ್ರೆ ಮಿದುಳನ್ನು ಹಾಳು ಮಾಡುತ್ತಿದೆ ಅನ್ನುವ ನಿನ್ನ ಭಯಕ್ಕೆ ಈ ಅಧ್ಯಯನಗಳಲ್ಲಿ ಆಧಾರ ಇಲ್ಲ ಪುಟ್ಟು.

ಇನ್ನೊಂದು ಇದೆ, ಹೇಳದೆ ಇರಲಾರೆ. ಮಾಮೂಲಿ ಎಂಆರ್‌ಐ ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್‌ನಿಂದ ಸಿಗ್ನಲ್ ಹಿಡಿಯುತ್ತದೆ. ಯಂತ್ರವನ್ನು ಲಿಥಿಯಂಗೆ ಹೊಂದಿಸಿದರೆ ಮಿದುಳಿನಲ್ಲಿರುವ ಔಷಧಿಯನ್ನೇ ನೋಡಬಹುದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನವರು ಇದನ್ನು ಮಾಡಿದ್ದಾರೆ. ಮಿದುಳಿನಲ್ಲಿ ಲಿಥಿಯಂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ ಅಂತ ಅದರಿಂದ ಗೊತ್ತಾಯಿತು. ಒಬ್ಬರಿಗೆ ಈ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ, ಇನ್ನೊಬ್ಬರಿಗೆ ಯಾಕೆ ಹಿಡಿಯುವುದಿಲ್ಲ? ಈಗ ತಿಂಗಳುಗಟ್ಟಲೆ ಕೊಟ್ಟು ನೋಡಿಯೇ ತಿಳಿಯಬೇಕು. ಮುಂದೊಂದು ದಿನ ಸ್ಕ್ಯಾನ್ ಇದನ್ನು ಮೊದಲೇ ಹೇಳುವಂತಾದರೆ ನಿನ್ನಂಥವರ ಎಷ್ಟೋ ಕಷ್ಟ ಉಳಿಯುತ್ತದೆ.

ಕೈ ನಡುಗುತ್ತದೆ, ಬಾಯಾರಿಕೆ ಜಾಸ್ತಿ ಅಂತ ಬರೆದಿದ್ದೀಯ. ಅದನ್ನು ಸಹಿಸಿಕೊಂಡು ಕೂರಬೇಡ, ಡಾಕ್ಟರಿಗೆ ಹೇಳು. ಡೋಸ್ ಬದಲಿಸಬಹುದು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಹಿಂದಿನ ಮಾತ್ರೆ ನುಂಗಿ 12 ಗಂಟೆ ಆದಮೇಲೆ ರಕ್ತ ಕೊಡಬೇಕು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯನ್ನೂ ತಪ್ಪಿಸಬೇಡ. ನಿನ್ನನ್ನು ಕಾಯುವ ಪರೀಕ್ಷೆ ಇದು, ಇನ್ನೊಂದು ಎಂಆರ್‌ಐ ಅಲ್ಲ.

ಮುಂಬಯಿಯ ಅಕ್ಟೋಬರ್ ಸೆಕೆ ನಿನಗೆ ಗೊತ್ತಲ್ಲ. ಲೋಕಲ್‌ನಲ್ಲಿ ನಿಂತು ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬಾಟಲಿ ಜೊತೆಗಿರಲಿ. ಉಪ್ಪನ್ನು ಒಮ್ಮೆಲೇ ಬಿಡಬೇಡ. ತಲೆನೋವಿಗೆ ಮೆಡಿಕಲ್‌ನಲ್ಲಿ ಕೇಳಿ ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗಬೇಡ, ಅವೂ ಲಿಥಿಯಂ ಏರಿಸುತ್ತವೆ. ವಾಂತಿ, ಭೇದಿ, ಜೋರು ನಡುಕ, ನಾಲಿಗೆ ತೊದಲುವುದು, ನಡೆಯುವಾಗ ತೂರಾಡುವುದು, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗು. ನಿದ್ದೆಗೆಟ್ಟರೆ ಮೇನಿಯಾ ಕೆರಳುತ್ತದೆ. ನೈಟ್ ಶಿಫ್ಟ್ ಬೇಡ ಅಂತ ಕಂಪನಿಗೆ ಡಾಕ್ಟರ ಚೀಟಿ ಕೊಡು. ರಾತ್ರಿಯಿಡೀ ಯಕ್ಷಗಾನ ನೋಡುವುದನ್ನೂ ಈ ವರ್ಷ ಬಿಡು. ನಾನೂ ನಿನ್ನ ಜೊತೆ ಹತ್ತು ಗಂಟೆಗೆ ಎದ್ದು ಬರುತ್ತೇನೆ.

ಮನಸ್ಸು ತೀರಾ ಕುಸಿದ ಹೊತ್ತಿಗೆ ನಾನು ಸಿಗದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರಕಾರದ್ದು, ದುಡ್ಡು ಬೇಡ.

ಸಂಶೋಧನೆಗೆ ನೆರವಾಗುವ ಮನಸ್ಸಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಒಂದೇ ಕುಟುಂಬದ ಹಲವರಿಗೆ ಇಂಥ ಕಾಯಿಲೆ ಇದ್ದರೆ ಅವರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ನಡೆದಿದೆ. ಎಂಆರ್‌ಐ ಕೂಡ ಅದರ ಭಾಗ. ನಮ್ಮ ಅಜ್ಜಿಯ ತಮ್ಮನಿಗೂ ಹೀಗೇ ಇತ್ತು. ಆಗ ಯಾರೂ ಹೆಸರಿಡಲಿಲ್ಲ, ಬೀಗ ಹಾಕಿ ಇಟ್ಟರು. ನೀನು ಪೂರ್ತಿ ಸುಧಾರಿಸಿದ ಮೇಲೆ ಈ ಬಗ್ಗೆ ಡಾಕ್ಟರ ಹತ್ತಿರ ಮಾತಾಡೋಣ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ನಾನೂ ಬರಲಾ? ನಿನಗೆ ಬೇಡ ಅನ್ನಿಸಿದರೆ ಹೊರಗೆ ಕೂರುತ್ತೇನೆ. ಲಿಥಿಯಂ ಲೆವೆಲ್‌ನ ಹಿಂದಿನ ರಿಪೋರ್ಟ್‌ಗಳನ್ನು ಒಂದು ಫೈಲಿನಲ್ಲಿ ಹಾಕಿ ಇಡು. ಅಕ್ಕನಿಗೆ ಎಷ್ಟು ಹೇಳಬೇಕು ಅನ್ನುವುದನ್ನು ನೀನೇ ತಿಳಿಸು, ಅದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ.

ನಿನ್ನ ಪ್ರೀತಿಯ
ಮಾವ