ಎರಡು ವರ್ಷದ ಫೆಲೋಶಿಪ್ಪಿಗೆ ಜರ್ಮನಿಗೆ ಹೊರಟ ಮಗಳಿಗೊಂದು ಪತ್ರ

ಮಗಾ,

ಮೊನ್ನೆ ಆದಿತ್ಯವಾರ ಮಾವನ ಎದುರು ಆದದ್ದನ್ನು ಪುನಃ ಎತ್ತುವುದಿಲ್ಲ, ನಿನಗೂ ಗೊತ್ತುಂಟು ನನಗೂ ಗೊತ್ತುಂಟು. ಜನರ ಎದುರು ಅಷ್ಟು ದೊಡ್ಡ ಸ್ವರದಲ್ಲಿ ಹೇಳಬಾರದಿತ್ತು ಅಂತ ಅಮ್ಮ ಹೇಳ್ತಾಳೆ. ಸ್ವರದ ವಿಷಯ ಒಪ್ತೇನೆ. ಪ್ರಶ್ನೆಯನ್ನು ಮಾತ್ರ ವಾಪಸ್ ತಗೊಳ್ಳುವುದಿಲ್ಲ. ಪರ್ಮನೆಂಟ್ ಕೆಲಸ ಬಿಟ್ಟು ಹೊರಟಿದ್ದಿ, ಎರಡು ವರ್ಷ ಆದ ಮೇಲೆ ಎಂತ? ಅದೊಂದೇ ಕೇಳಿದ್ದು. ಎದುರೆದುರು ಕೂತ್ರೆ ಇಬ್ಬರಿಗೂ ಕೋಪ ಬರ್ತದೆ, ಹಾಗಾಗಿ ಮೇಲ್‌ನಲ್ಲಿ ಹಾಕ್ತಾ ಇದ್ದೇನೆ, ಬೇಕಾದ್ರೆ ಫ್ಲೈಟಿನಲ್ಲಿ ಕೂತು ಓದು.

ಮೊದಲು ಖುಷಿಯ ವಿಷಯ ಹೇಳಿಬಿಡ್ತೇನೆ, ಆಮೇಲೆ ಮರೀತದೆ. ನಿನಗೆ ಫೆಲೋಶಿಪ್ ಕೊಟ್ಟ ಈ ಹಂಬೋಲ್ಟ್ ಅಂದ್ರೆ ಎಂತ ಅಂತಲೇ ನನಗೆ ಗೊತ್ತಿರಲಿಲ್ಲ, ಈಗ ಬ್ಯಾಂಕಿನ ಹಳೇ ಫ್ರೆಂಡ್ಸಿಗೆಲ್ಲ ನಾನೇ ಕ್ಲಾಸ್ ತಗೊಳ್ತೇನೆ. 1860ರಲ್ಲಿ ಶುರುವಾದ ಫೌಂಡೇಶನ್, 1923ರ ಹಣದುಬ್ಬರದಲ್ಲಿ ಇದ್ದ ದುಡ್ಡೆಲ್ಲ ಮುಳುಗಿ ಹೋಯ್ತು, ಪುನಃ ಎಬ್ಬಿಸಿದ್ರು, 1945ರಲ್ಲಿ ಪುನಃ ಬಾಗಿಲು ಮುಚ್ಚಿತು, ಈಗಿರುವುದು 1953ರಲ್ಲಿ ತೆರೆದದ್ದು. (ಈ ಭಾಗ ನಮ್ಮ ಬ್ಯಾಂಕಿನವರಿಗೆ ಭಾರೀ ಇಷ್ಟ ಆಗ್ತದೆ.) ದೇಶಕ್ಕೆ ಇಷ್ಟು, ಸಬ್ಜೆಕ್ಟಿಗೆ ಇಷ್ಟು ಅಂತ ಕೋಟಾ ಇಲ್ಲ, ಪಿಎಚ್‌ಡಿ ಮುಗಿದು ನಾಲ್ಕು ವರ್ಷದ ಒಳಗೆ ಅರ್ಜಿ ಹಾಕ್ಬೇಕು, ಅಲ್ಲಿಯ ಪ್ರೊಫೆಸರ್ ಒಬ್ರು ಇವಳು ಬರಲಿ ಅಂತ ಬರೆದು ಕೊಡ್ಬೇಕು. ಅಂದ್ರೆ ಫಿಸಿಕ್ಸಿನವರ, ಕೆಮಿಸ್ಟ್ರಿಯವರ ಜೊತೆ ಒಂದೇ ಸಾಲಿನಲ್ಲಿ ನಿಂತು, ಹಂಚಿನ ಕಾರ್ಖಾನೆಯ ಹೆಂಗಸರ ಚರಿತ್ರೆ ಹಿಡ್ಕೊಂಡು ಹೋಗಿ ಗೆದ್ದವಳು ನೀನು. ಇದನ್ನು ನಾನು ಮಾವನಿಗೂ ಹೇಳಿದ್ದೇನೆ, ನೀನು ಎದ್ದು ಹೋದ ಮೇಲೆ. ಅವರು ಯೂರೋವನ್ನು ನೂರರಿಂದ ಗುಣಿಸಿ ಲೆಕ್ಕ ಹಾಕ್ತಾ ಇದ್ರು, ಕೇಳಿದ್ರೋ ಇಲ್ವೋ ಗೊತ್ತಿಲ್ಲ.

ಈಗ ನನ್ನ ಹೆದರಿಕೆ. ನೀನು ಪಿಎಚ್‌ಡಿ ಮಾಡುವಾಗ ಜೆಆರ್‌ಎಫ್, ಅಂದ್ರೆ ಸರ್ಕಾರದ ತಿಂಗಳ ಫೆಲೋಶಿಪ್, ಬರ್ತಿದ್ದ ಅಕೌಂಟ್ ನೆನಪುಂಟಲ್ಲ, ನನ್ನ ಹೆಸರೂ ಸೇರಿದ ಜಾಯಿಂಟ್ ಅಕೌಂಟ್. ಪಾಸ್‌ಬುಕ್ ನನ್ನ ಹತ್ರ ಇತ್ತು. 2019ರ ಜನವರಿಯಿಂದ 25 ಸಾವಿರ ಇದ್ದದ್ದು 31 ಸಾವಿರ ಆಯ್ತು ಅಂತ ಪೇಪರಲ್ಲಿ ಓದಿ ಎಂಟ್ರಿ ಹಾಕಿಸಿ ನೋಡುವ ಅಂತ ಹೋದೆ. ಕೌಂಟರಿನ ಹುಡುಗಿ ಪ್ರಿಂಟ್ ತೆಗೆದಳು, ಮಿಷನ್ ಟಿಕಟಿಕ ಅಂತ ಒಂದು ಪುಟ, ಇನ್ನೊಂದು ಪುಟ. ಕ್ರೆಡಿಟ್ ಕಾಲಮ್ ಖಾಲಿ. ಡೆಬಿಟ್ಟಿನಲ್ಲಿ ಏಟಿಎಂ 500, ಏಟಿಎಂ 300, ಏಟಿಎಂ 200, ಕೆಳಗೆ ಬರ್ತಾ ಬರ್ತಾ ಏಟಿಎಂ 100, ಏಟಿಎಂ 100. ಬ್ಯಾಲೆನ್ಸ್ ನೂರರ ಕೆಳಗೆ. ತಿಂಗಳುಗಟ್ಟಲೆ ದುಡ್ಡು ಬಿದ್ದಿರಲಿಲ್ಲ, ಎಲ್ಲೋ ಯಾರೋ ತಿಂಗಳ ಕನ್ಫರ್ಮೇಶನ್ ಅಪ್‌ಲೋಡ್ ಮಾಡಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಅದೇ ದಿನ ರಾತ್ರಿ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳಿದೆ, ಆಯ್ತಪ್ಪಾ, ಇವತ್ತು ಮೆಸ್ಸಿನಲ್ಲಿ ಪಲಾವ್ ಅಂದಿ. ನಾನು ಏನೂ ಹೇಳ್ಲಿಲ್ಲ. ಮರುದಿನ ಐದು ಸಾವಿರ ಹಾಕಿದೆ, ಅಮ್ಮನ ಚಿಟ್ ಫಂಡ್ ಬಂತು ಅಂತ ಸುಳ್ಳು ಮೆಸೇಜ್ ಮಾಡಿದೆ, ನೀನೂ ಓಕೆ ಅಂತ ಕಳಿಸಿದಿ.

ನೂರು ರೂಪಾಯಿ ತೆಗೆಯುವವರನ್ನು ಕೌಂಟರಿನಲ್ಲಿ ಕೂತು ಎಷ್ಟೋ ಜನರನ್ನು ನೋಡಿದ್ದೇನೆ ಮಗಾ, ಅವರ ಮುಖ ನನಗೆ ಗೊತ್ತುಂಟು. ನನ್ನ ಮಗಳ ಹೆಸರಿನ ಎದುರು ಆ ಸಂಖ್ಯೆ ನೋಡುವುದು ಬೇರೆ. ಆಮೇಲೆ ಅರಿಯರ್ಸ್ ಒಟ್ಟಿಗೆ ಬಂತು, ನಿನಗೆ ಅದು ಅಲ್ಲಿಗೆ ಮುಗೀತು. ಆ ಪಾಸ್‌ಬುಕ್ ಈಗಲೂ ಕಪಾಟಿನಲ್ಲಿ ಉಂಟು.

ಅದೂ ದೇಶದ ದೊಡ್ಡ ಫೆಲೋಶಿಪ್ಪುಗಳಲ್ಲಿ ಒಂದು. ನೆಟ್ ಪರೀಕ್ಷೆ ಬರೆದವರಲ್ಲಿ ಸ್ವಲ್ಪ ಜನರಿಗೆ ಮಾತ್ರ ಸಿಗುವಂಥದ್ದು. ಜೆಆರ್‌ಎಫ್ ಇಲ್ಲದವರಿಗೆ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಆಗ ಕೊಡ್ತಿದ್ದದ್ದು ತಿಂಗಳಿಗೆ 8 ಸಾವಿರ, ಅದನ್ನೂ ನಿಲ್ಲಿಸ್ತೇವೆ ಅಂದಾಗ 2015ರಲ್ಲಿ ಮಕ್ಕಳು ದೆಹಲಿಯಲ್ಲಿ ಈ ದುಡ್ಡು ಕೊಡುವ ಯುಜಿಸಿಯ ಆಫೀಸಿನ ಎದುರು ರಾತ್ರಿಯೆಲ್ಲ ಕೂತದ್ದು. ಇನ್ನು ನಿಮ್ಮ ಕಂಟಿಂಜೆನ್ಸಿ, ಅಂದ್ರೆ ರಿಸರ್ಚಿನ ಮೇಲ್ಖರ್ಚಿಗೆ ವರ್ಷಕ್ಕೆ ಕೊಡುವುದು, ಸೈನ್ಸಿನವರಿಗೆ ಮೊದಲ ಎರಡು ವರ್ಷ 12 ಸಾವಿರ ಆದ್ರೆ ಆರ್ಟ್ಸಿನವರಿಗೆ 10 ಸಾವಿರ, ಆಮೇಲೆ ಅವರಿಗೆ 25 ಸಾವಿರ ನಿಮಗೆ 20,500. ಆ ಐನೂರು ಯಾರ ತಲೆಯಿಂದ ಬಂತು ಅಂತ ನನಗೆ ಈಗಲೂ ಅರ್ಥ ಆಗ್ಲಿಲ್ಲ. ಚೆನ್ನೈ ಆರ್ಕೈವ್ಸಿಗೆ ಹೋಗಿ ಬರುವ ಟ್ರೇನಿಗೆ, ಅಲ್ಲಿ ಇರುವ ರೂಮಿಗೆ, ಜೆರಾಕ್ಸಿಗೆ ಇಷ್ಟರಲ್ಲೇ ಆಗ್ಬೇಕು.

ಜರ್ಮನಿಯಲ್ಲಿ ಹಾಗಾಗ್ಲಿಕ್ಕಿಲ್ಲ, ದುಡ್ಡು ಟೈಮಿಗೆ ಬರ್ತದೆ ಅಂತ ನೀನು ಹೇಳ್ತಿ. ಬರಲಿ. ಆದ್ರೆ ಫೆಲೋಶಿಪ್ ಅಂದ್ರೆ ಸಂಬಳ ಅಲ್ಲ, ಪಿಎಫ್ ಇಲ್ಲ, ಪೆನ್ಶನ್ ಇಲ್ಲ, ತಾರೀಕು ಮುಗಿದ ಮರುದಿನ ನಿನಗೂ ಅವರಿಗೂ ಲೆಕ್ಕ ಚುಕ್ತ. ಎರಡು ವರ್ಷ ಇಲ್ಲಿ, ಅದು ಮುಗಿಯುವ ಮೊದಲೇ ಇನ್ನೊಂದಕ್ಕೆ ಅರ್ಜಿ, ಅದು ಒಂದು ವರ್ಷದ್ದು, ಮತ್ತೊಂದು ದೇಶ, ಮತ್ತೊಂದು ವೀಸಾ. ನಾನು ಸ್ವಲ್ಪ ಓದಿದ್ದೇನೆ, ನಗ್ಬೇಡ. ಜರ್ಮನಿಯ ಕಾನೂನಿನಲ್ಲಿ ಪಿಎಚ್‌ಡಿಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ ಹೀಗೆ ಟೆಂಪರರಿ ಇಟ್ಕೊಳ್ಳಬಹುದು, ಅಷ್ಟರೊಳಗೆ ಪರ್ಮನೆಂಟ್ ಕೆಲಸ ಸಿಗದಿದ್ರೆ ಹೆಚ್ಚಿನವರು ದಾರಿ ನೋಡ್ಕೊಳ್ಬೇಕು. ಈ ಕಾನೂನನ್ನು ಹೊಗಳಿ ಸರ್ಕಾರ ಮಾಡಿದ ವೀಡಿಯೋದಲ್ಲಿ ಹನ್ನಾ ಅಂತ ಒಬ್ಬಳು ಸಂಶೋಧಕಿ ಇದ್ದಳು, 2021ರಲ್ಲಿ ನಾನೇ ಹನ್ನಾ ಅಂತ ಟ್ವಿಟ್ಟರಿನಲ್ಲಿ ಅಷ್ಟು ಜನ ಬರೆದದ್ದು ಅದಕ್ಕೇ ಅಲ್ವಾ? ಅವರು ಅಲ್ಲೇ ಹುಟ್ಟಿದವರು, ಅವರಿಗೇ ಆ ಗತಿ. ಇಲ್ಲಿ ನೋಡಿದ್ರೆ ಸರ್ಕಾರಿ ಕಾಲೇಜಿಗೆ 2021ರಲ್ಲಿ 1,242 ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಕರೆದ್ರು, ಮುಂದಿನ ಸಲ ಕರೆಯುವಾಗ ನೀನು ಎಲ್ಲಿರ್ತಿಯೋ. ಗೆಸ್ಟ್ ಫ್ಯಾಕಲ್ಟಿ ಆಗಿ ಇಪ್ಪತ್ತು ವರ್ಷ ಕಳೆದವರನ್ನು ನಾನು ನೋಡಿದ್ದೇನೆ, ಲೋನಿಗೆ ಬರ್ತಿದ್ರು, ಸ್ಯಾಲರಿ ಸ್ಲಿಪ್ ಕೇಳಿದ್ರೆ ತಲೆ ತಗ್ಗಿಸ್ತಿದ್ರು, ಎಂತ ಮಾಡುವುದು, ನಾನು ಫಾರ್ಮ್ ವಾಪಸ್ ಕೊಡ್ತಿದ್ದೆ. ಹಾಗಾಗಿ ಕೈಯಲ್ಲಿದ್ದ ಪರ್ಮನೆಂಟ್ ಕೆಲಸಕ್ಕೆ ರಾಜೀನಾಮೆ ಕೊಟ್ಟೆ ಅಂತ ನೀನು ಹೇಳಿದಾಗ ನನ್ನ ಕಣ್ಣಿಗೆ ಆ ಫಾರ್ಮೇ ಬಂದದ್ದು, ನಿನ್ನ ಪುಸ್ತಕ ಬರಲಿಲ್ಲ. ಎರಡು ವರ್ಷ ರಜೆ ಕೊಡಲಿಕ್ಕೆ ಅವರಿಗೆ ಎಂತ ಕಷ್ಟ ಇತ್ತೋ.

ಉಪದೇಶ ಬೇಡ ಅಂತ ಕೂತವನು ನಾನು. ಆದ್ರೂ ಕೇಳು. ಮೊದಲ ತಿಂಗಳೇ ಹೆಲ್ತ್ ಇನ್ಶೂರೆನ್ಸಿನ ಪೇಪರ್ ಸರಿ ಮಾಡ್ಕೋ. ಫೆಲೋಶಿಪ್ಪಿಗೆ ಮೊದಲು ಅವರೇ ಕೊಡುವ ಲ್ಯಾಂಗ್ವೇಜ್ ಕೋರ್ಸನ್ನು ಟೈಮ್ ವೇಸ್ಟ್ ಅಂತ ಅರ್ಧಕ್ಕೆ ಬಿಡ್ಬೇಡ, ನಮ್ಮೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಸ್ವಿಟ್ಜರ್ಲೆಂಡಿನ ಪಾದ್ರಿಗಳು, ಆ ಬಾಸೆಲ್ ಮಿಷನ್ನಿನವರ ಹಳೇ ಕೈಬರಹ ಈಗಿನ ಜರ್ಮನ್ನರಿಗೇ ಓದ್ಲಿಕ್ಕೆ ಬರುವುದಿಲ್ಲ ಅಂತ ನೀನೇ ಹೇಳಿದ್ದು. ಬೇರೆಯವರ ಎಡಿಟೆಡ್ ಬುಕ್ಕಿಗೆ ಚಾಪ್ಟರ್ ಬರೀತಾ ಕೂರ್ಬೇಡ, ಮೊದಲು ನಿನ್ನ ಥೀಸಿಸ್ಸನ್ನು ಪುಸ್ತಕ ಮಾಡು. ಯಾರಾದ್ರೂ ಪ್ರೊಫೆಸರ್ ಈ ಕೆಲಸ ಮಾಡಿಕೊಡು ಮುಂದೆ ನೋಡುವ ಅಂದ್ರೆ ಆ ಮುಂದೆಯನ್ನು ಕಾಗದದಲ್ಲಿ ಕೇಳು. ಮತ್ತೆ ಎರಡನೇ ವರ್ಷದ ಕೊನೆಯ ತನಕ ಕಾಯ್ಬೇಡ. ದೆಹಲಿಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್‌ನ ಪೋಸ್ಟ್‌ಡಾಕ್ ಉಂಟು, ಶಿಮ್ಲಾದಲ್ಲಿ ವೈಸರಾಯ್ ಇದ್ದ ಬಂಗ್ಲೆಯ ಆ ಇನ್‌ಸ್ಟಿಟ್ಯೂಟ್ ಉಂಟು, ಒಂದೂ ಬಿಡ್ಬೇಡ. ಹೌದು, ನಾನೇ ಈಗ ಫೆಲೋಶಿಪ್ ಮೇಲೆ ಫೆಲೋಶಿಪ್ ಬೇಡ ಅಂತ ಹೇಳಿ ನಾನೇ ಪಟ್ಟಿ ಕೊಡ್ತಾ ಇದ್ದೇನೆ. ಎರಡೂ ಸತ್ಯ.

ದುಡ್ಡು ಕಡಿಮೆ ಆದ್ರೆ ಹೇಳು. ಪಲಾವ್ ತಿಂದೆ ಅಂತ ಹೇಳ್ಬೇಡ.

ನಿನ್ನ ಅಜ್ಜಿ ಇದ್ದಿದ್ರೆ ಎಂತ ಹೇಳ್ತಿದ್ಲೋ. ಮಂಗಳೂರಿನ ಜೆಪ್ಪಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಾಕಿದ ಕಾರ್ಖಾನೆಯ ಹಂಚು ಎಂತವರ ಮನೆ ಮೇಲೂ ಕೂತಿತು, ಅದರಲ್ಲಿ ಇಸವಿಯನ್ನೇ ಅಚ್ಚು ಒತ್ತಿರ್ತಾರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅದನ್ನು ಕಿತ್ಕೊಂಡ್ರು, ನನ್ನ ಅಮ್ಮ, ನಿನ್ನ ಅಜ್ಜಿ, ಕೆಲಸಕ್ಕೆ ಸೇರಿದ್ದು ಎಷ್ಟೋ ವರ್ಷ ಆದ ಮೇಲೆ, ಅದೂ ಹೊಳೆ ಬದಿಯ ಬೇರೆ ಕಾರ್ಖಾನೆಯಲ್ಲಿ. ಹಾಗಾಗಿ ನೀನು ಹೋಗುವ ಬಾಸೆಲ್ಲಿನ ಆರ್ಕೈವ್ಸಿನಲ್ಲಿ ಅವಳ ಹೆಸರು ಇರ್ಲಿಕ್ಕಿಲ್ಲ, ಅದು ನನಗೆ ಗೊತ್ತುಂಟು. ಹಸಿ ಹಂಚು ತಲೆ ಮೇಲೆ ಹೊತ್ತು ಹೊತ್ತು ಅವಳ ನೆತ್ತಿಯಲ್ಲಿ ಒಂದು ರೂಪಾಯಿ ಅಗಲಕ್ಕೆ ಕೂದಲೇ ಇರ್ಲಿಲ್ಲ, ನೀನು ಸಣ್ಣವಳಿರುವಾಗ ಅದನ್ನು ಮುಟ್ಟಿ ನೋಡ್ತಿದ್ದಿ. ಅವಳಿಗೆ ವಾರಕ್ಕೆ ಎಷ್ಟು ಸಿಗ್ತಿತ್ತು ಅಂತ ನಾನು ಕೇಳಿಯೇ ಇರ್ಲಿಲ್ಲ, ನೀನು ಪಿಎಚ್‌ಡಿಗೆ ಸೇರಿ ಕೇಳಿದ ಮೇಲೆ ನನಗೆ ತಲೆಗೆ ಹೋದದ್ದು.

ಜರ್ಮನಿಯಲ್ಲಿ ನೀನಿರುವ ಗೋಟಿಂಗೆನ್ನಿನಿಂದ ಬಾಸೆಲ್ಲಿಗೆ ಯಾವಾಗ ಹೋಗ್ತಿ ಅಂತ ತಿಳಿಸು. ಅಲ್ಲಿ ಹೆಂಗಸರ ಕೂಲಿಯ ಲೆಕ್ಕದ ಪುಸ್ತಕ ಎಂತಾದ್ರೂ ಸಿಕ್ಕಿದ್ರೆ, ಫೋಟೋ ತೆಗೆಯಲಿಕ್ಕೆ ಬಿಡುವುದಾದ್ರೆ, ಒಂದು ಪುಟ ನನಗೆ ಕಳಿಸು. ಜರ್ಮನ್ ಆದ್ರೂ ಅಡ್ಡಿ ಇಲ್ಲ, ಅಂಕೆ ನಾನು ಓದ್ತೇನೆ.

ಅಪ್ಪ